ದೇವರ ಮೇಲೆ ಭಾರ: ರಾವೂರ ಸೀಮೆಯ ಕಷ್ಟಕಾಲಗಳು



ಮೃಗಶಿರ ಮಳೆಗೆ ಹೊಲ ಹದವಾದಾಗ ಕಲಬುರಗಿ ಜಿಲ್ಲೆಯ ರಾವೂರ ಸೀಮೆಯ ರೈತ ತೊಗರಿ ಬಿತ್ತಲು ಹೊರಡುತ್ತಾನೆ. ದಾರಿಯಲ್ಲಿ ಎದುರಾದವರು ಮಳೆಯ ಬಗ್ಗೆ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ: ‘ದೇವ್ರ ಮ್ಯಾಲ ಭಾರ ಹಾಕಿ ಬಿತ್ತಾಕತ್ತೀನ್ರಿ.’ ಪರಸಿ ಕಲ್ಲಿನ ಗಣಿಗೆ ಇಳಿಯುವವನು ಆಡುವುದೂ ಇದೇ ಮಾತು. ಮಗಳನ್ನು ಹೆರಿಗೆಗೆಂದು ಕಲಬುರಗಿಯ ಆಸ್ಪತ್ರೆಗೆ ಸೇರಿಸಿ ಹೊರಗೆ ಜಗಲಿಯ ಮೇಲೆ ಕೂತ ತಾಯಿ, ದಸರೆ ಮುಗಿದ ಮೇಲೆ ಪುಣೆ-ಮುಂಬೈಗೆ ದುಡಿಯಲು ಹೊರಟ ತಾಂಡಾದ ಗಂಡ-ಹೆಂಡತಿ, ಇವರು ಆಡುವುದೂ ಇದನ್ನೇ. ಹೊರಗಿನವರ ಕಿವಿಗೆ ಇದು ಕೈಚೆಲ್ಲಿ ಕೂತವರ ಮಾತಿನಂತೆ ಕೇಳಬಹುದು. ಆದರೆ ಭಾರ ಹಾಕಿದ ರೈತ ಕೂರಿಗೆ ಬಿಟ್ಟು ಮನೆಗೆ ಬಂದು ಮಲಗಿಲ್ಲ, ಬಿತ್ತುತ್ತಲೇ ಇದ್ದಾನೆ.

ಕಷ್ಟ ಬಂದಾಗ ದೇವರ ಮೊರೆ ಹೋದ ಜನ ಅದರ ಜೊತೆಜೊತೆಗೆ ಏನೇನು ಮಾಡಿದರು ಎಂಬುದೇ ಇಂದಿನ ಉಪನ್ಯಾಸದ ವಸ್ತು. ದೇವರು ಇದ್ದಾನೋ ಇಲ್ಲವೋ, ಮೊರೆ ಕೇಳುತ್ತಾನೋ ಇಲ್ಲವೋ ಎಂಬ ಚರ್ಚೆಗೆ ಇಲ್ಲಿ ಕೈ ಹಾಕಿಲ್ಲ. ಆ ವಾದಕ್ಕೆ ಒಂದು ತಾಸು ಸಾಲದು. ಮೊದಲು ಮಳೆಯ ವಿಚಾರ, ಆಮೇಲೆ ಹರಕೆಯ ವಿಚಾರ, ಮೂರನೆಯದಾಗಿ ದಾಸೋಹದ ವಿಚಾರ. ಕೊನೆಗೆ 2020 ಮತ್ತು 2021ನೇ ಇಸವಿಗಳಲ್ಲಿ ಈ ಭಾಗದವರು ಕಂಡ ಎರಡು ಸಂಕಟಗಳು. ಅವುಗಳಲ್ಲಿ ಒಂದು ರಾವೂರಿನದೇ. ಸಭೆಯಲ್ಲಿ ಕೆಲವರಿಗೆ ಅದು ಮುಜುಗರದ ವಿಷಯವಾಗಬಹುದು, ಆದರೂ ಅದನ್ನು ಬಿಟ್ಟರೆ ಈ ವಸ್ತುವಿಗೆ ನ್ಯಾಯ ಸಲ್ಲುವುದಿಲ್ಲ.

ಮೊದಲು ಮಳೆ.

ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ನೆಲ ಎರಡು ಬಗೆಯದು. ಮೇಲೆ ಎರೆಮಣ್ಣು, ಕೆಳಗೆ ಸುಣ್ಣದ ಕಲ್ಲು. ಎರೆಮಣ್ಣು ತೊಗರಿ ಬೆಳೆದು ಜಿಲ್ಲೆಗೆ ‘ತೊಗರಿ ಕಣಜ’ ಎಂಬ ಹೆಸರು ತಂದಿತು; ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಬಂತು. ಸುಣ್ಣದ ಕಲ್ಲು ಶಹಾಬಾದ ಪರಸಿಯಾಗಿ ದೇಶದ ಮೂಲೆಮೂಲೆಯ ಅಂಗಳಕ್ಕೆ ಹೋಯಿತು, 1968ರಲ್ಲಿ ವಾಡಿಗೆ ಎಸಿಸಿ ಸಿಮೆಂಟ್ ಕಾರ್ಖಾನೆಯನ್ನು ಕರೆತಂದಿತು, ಆಮೇಲೆ ಮಳಖೇಡ, ಸೇಡಂಗಳಿಗೂ ಕಾರ್ಖಾನೆಗಳು ಬಂದವು. ತೆಲಂಗಾಣದ ಕಡೆ ಹುಟ್ಟುವ ಕಾಗಿಣಾ ನದಿ ಸೇಡಂ, ಮಳಖೇಡ, ಚಿತ್ತಾಪುರ ತಾಲ್ಲೂಕಿನ ಊರುಗಳನ್ನು ಹಾದು ಹೊನಗುಂಟಾದ ಬಳಿ ಭೀಮೆಯನ್ನು ಸೇರುತ್ತದೆ. ನದಿಗಳಿದ್ದರೂ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಮೃಗಶಿರ, ಆರಿದ್ರ ಕೈಕೊಟ್ಟವೆಂದರೆ ಹೆಸರು, ಉದ್ದು ಹೋದವು. ಹುಬ್ಬಿ, ಉತ್ತರಿಯೂ ಕೈಕೊಟ್ಟರೆ ತೊಗರಿ ಮತ್ತು ಹಿಂಗಾರಿ ಜೋಳದ ಆಸೆಯೂ ಕಮರಿತು.

ಮಳೆ ಹೋದಾಗ ಜನ ಏನು ಮಾಡುತ್ತಿದ್ದರು, ಈಗಲೂ ಕೆಲವು ಊರುಗಳಲ್ಲಿ ಏನು ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸಗಣಿಯಿಂದ ಗುರ್ಜಿ ಮಾಡುತ್ತಾರೆ. ಗೇಣುದ್ದದ ಬೊಂಬೆ, ನೆತ್ತಿಗೆ ಗರಿಕೆ. ಅದನ್ನು ರೊಟ್ಟಿ ಹಂಚಿನ ಮೇಲೆ ಕೂರಿಸಿ ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಮಕ್ಕಳ ದಂಡು ಹಾಡುತ್ತಾ ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಮನೆಯಾಕೆ ಕೊಡ ತಂದು ಗುರ್ಜಿಯ ಮೇಲೆ ನೀರು ಸುರಿಯುತ್ತಾಳೆ, ಹೊತ್ತ ಹುಡುಗ ನಿಂತಲ್ಲೇ ಗರಗರ ತಿರುಗುತ್ತಾನೆ, ನೀರು ಸುತ್ತ ನಿಂತವರ ಮೈಗೆಲ್ಲ ಸಿಡಿಯುತ್ತದೆ. ಆಮೇಲೆ ಆಕೆ ಒಳಗೆ ಹೋಗಿ ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ತಂದು ಹುಡುಗರ ಜೋಳಿಗೆಗೆ ಹಾಕುತ್ತಾಳೆ. ಊರೆಲ್ಲ ಸುತ್ತಿ ಕೂಡಿಸಿದ ಕಾಳು-ಹಿಟ್ಟನ್ನು ಹನುಮಂತ ದೇವರ ಗುಡಿಯ ಮುಂದೆ ಬೇಯಿಸಿ ಎಲ್ಲರೂ ಉಣ್ಣುತ್ತಾರೆ.

ಇದರಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಬರಗಾಲದ ದಿನ ಒಂದು ಕೊಡ ನೀರಿಗೆ ಬೆಲೆ ಏನೆಂಬುದು ಬಾವಿಗೆ ಹೋಗಿ ಹೊತ್ತು ತಂದವಳಿಗೆ ಗೊತ್ತು. ಆ ನೀರನ್ನು ಆಕೆ ಸಗಣಿ ಬೊಂಬೆಯ ಮೇಲೆ ಸುರಿಯುತ್ತಾಳೆ. ಇನ್ನೊಂದು, ಮಳೆ ಹೋದ ವರ್ಷ ಯಾರ ಮನೆಯ ಒಲೆ ಆರಿದೆ ಎಂದು ಹೇಳಿಕೊಳ್ಳುವುದಕ್ಕೆ ನಾಚಿಕೆ. ಗುಡಿಯ ಮುಂದೆ ಬೆಂದ ನುಚ್ಚನ್ನು ಉಣ್ಣುವುದಕ್ಕೆ ನಾಚಿಕೆಯಿಲ್ಲ, ಅದು ದೇವರದು. ಗುರ್ಜಿಯಿಂದ ಮಳೆ ಬಂತೋ ಇಲ್ಲವೋ, ಅವತ್ತು ಸಂಜೆ ಹಸಿದ ಮನೆಯ ಮಕ್ಕಳ ಹೊಟ್ಟೆ ತುಂಬಿತು.

ಗುಡಿಗಳಲ್ಲಿ ಏಳು ದಿನ ಬಿಡದೆ ನಡೆಯುವ ಸಪ್ತಭಜನೆ, ಆಷಾಢದಲ್ಲಿ ಊರಮ್ಮನ ಹೆಸರಿನಲ್ಲಿ ಹಿಡಿಯುವ ವಾರಗಳು, ಕಪ್ಪೆ ಮದುವೆ, ಕತ್ತೆ ಮದುವೆ, ತಾಂಡಾಗಳಲ್ಲಿ ದನಕರುಗಳಿಗೆ ರೋಗ ಬಾರದಿರಲೆಂದು ಮಾಡುವ ಸೀತ್ಲಾ ಪೂಜೆ, ಇವೆಲ್ಲ ಇದೇ ಸಾಲಿನವು. ಕತ್ತೆ ಮದುವೆಯನ್ನು ಪತ್ರಿಕೆಗಳು ಪ್ರತಿ ಬರಗಾಲದಲ್ಲೂ ತಮಾಷೆಯ ಚಿತ್ರವಾಗಿ ಹಾಕುತ್ತವೆ. ಸಪ್ತಭಜನೆಯ ಏಳು ರಾತ್ರಿ ಯಾವ ಓಣಿಯವರು ಯಾವ ಪಾಳಿ ಹಿಡಿದರು, ಎಣ್ಣೆ ಯಾರು ಕೊಟ್ಟರು, ಚಹಾದ ಸಕ್ಕರೆ ಯಾರದು ಎಂಬುದು ಸುದ್ದಿಯಾಗುವುದಿಲ್ಲ. ಊರಿಗೆ ಬೇಕಾದದ್ದು ಆ ಲೆಕ್ಕ.

ಬೇಡುವುದಷ್ಟೇ ಅಲ್ಲ, ಕೊಡುವ ಹಬ್ಬವೂ ಇದೆ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಇಲ್ಲಿರುವ ಎಲ್ಲರೂ ಬಲ್ಲರು. ಬೆಳೆ ಇನ್ನೂ ರಾಶಿಯಾಗಿ ಮನೆಗೆ ಬಂದಿರುವುದಿಲ್ಲ. 2022ರಲ್ಲಿ ನೆಟೆ ರೋಗ ಬಡಿದು ಹೂವು-ಕಾಯಿ ಹೊತ್ತ ತೊಗರಿ ನಿಂತ ನಿಂತಲ್ಲೇ ಒಣಗಿತು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಆ ವರ್ಷದ ಎಳ್ಳ ಅಮಾವಾಸ್ಯೆಗೂ ಜನ ಒಣಗಿದ ಹೊಲಕ್ಕೆ ಹೋಗಿ ಚರಗ ಚೆಲ್ಲಿದರು. ಭೂಮಿತಾಯಿಯ ಮೇಲೆ ಮುನಿಸಿಕೊಂಡರೆ ಮುಂದಿನ ಬೀಜ ಎಲ್ಲಿ ಹಾಕುವುದು?

ಇನ್ನು ಹರಕೆಗೆ ಬರೋಣ. ಇದು ಊರಿನದಲ್ಲ, ಮನೆಯ ವಿಚಾರ. ಹೆಚ್ಚಾಗಿ ಹೆಂಗಸರು ಹೊರುವ ಹೊಣೆ.

ಮಗುವಿಗೆ ಜ್ವರ ಇಳಿಯಲಿಲ್ಲ, ಗಂಡನ ಕುಡಿತ ಬಿಡಲಿಲ್ಲ, ಎಮ್ಮೆ ಈಯಲಿಲ್ಲ, ಕೋರ್ಟಿನ ಕಟ್ಲೆ ಮುಗಿಯಲಿಲ್ಲ. ಆಗ ಒಂದು ರೂಪಾಯಿ ನಾಣ್ಯವನ್ನು ಅರಿಷಿಣದ ಬಟ್ಟೆಯಲ್ಲಿ ಗಂಟು ಹಾಕಿ ದೇವರ ಜಗಲಿಯ ಮೇಲಿಟ್ಟು ಮುಡಿಪು ಕಟ್ಟುತ್ತಾರೆ. ಕೆಲಸವಾದರೆ ದೀಡ ನಮಸ್ಕಾರ ಹಾಕುತ್ತೇನೆ, ಐವರು ಜಂಗಮರಿಗೆ ಊಟ ಹಾಕುತ್ತೇನೆ, ಮಗುವಿನ ಜವಳ ಅಲ್ಲೇ ತೆಗೆಸುತ್ತೇನೆ ಎಂದು ಬೇಡಿಕೊಳ್ಳುತ್ತಾರೆ. ಚಿತ್ತಾಪುರದ ನಾಗಾವಿ ಯಲ್ಲಮ್ಮ, ಸನ್ನತಿಯ ಚಂದ್ರಲಾಂಬಾ, ನಾಲವಾರದ ಕೋರಿಸಿದ್ಧೇಶ್ವರ, ರಾವೂರಿನ ಸಿದ್ಧಲಿಂಗೇಶ್ವರ, ಸೇಡಂನ ಕೊತ್ತಲ ಬಸವೇಶ್ವರ, ಮೋತಕಪಳ್ಳಿಯ ಬಲಭೀಮಸೇನ, ಮನೆಗೊಂದು ದೇವರು, ದೇವರಿಗೊಂದು ದಾರಿ.

ಹರಕೆಯನ್ನು ಲಂಚವೆಂದು ಹಂಗಿಸಿದವರು ಈ ನೆಲದಲ್ಲೇ ಇದ್ದರು. ಹನ್ನೆರಡನೆಯ ಶತಮಾನದಲ್ಲಿ, ಇಲ್ಲಿಂದ ಬಹು ದೂರವೇನಲ್ಲದ ಕಲ್ಯಾಣದಲ್ಲಿ, ಬಸವಣ್ಣನವರು ಬೆಂಕಿ ಕಂಡರೆ ಮುರುಟುವ, ಕಾಸಿನ ಅಡಚಣೆ ಬಂದಾಗ ಮಾರುವುದಕ್ಕೆ ಒದಗುವ, ಕಳ್ಳರ ಭಯಕ್ಕೆ ನೆಲದಲ್ಲಿ ಹೂಳುವ ದೇವರುಗಳನ್ನು ವಚನವೊಂದರಲ್ಲಿ ಗೇಲಿ ಮಾಡಿದರು. ತನ್ನನ್ನೇ ಕಾಯ್ದುಕೊಳ್ಳಲಾರದ್ದು ಭಕ್ತನನ್ನು ಏನು ಕಾಯ್ದೀತು ಎಂಬುದು ಅಲ್ಲಿಯ ಚುಚ್ಚು. ಆ ಟೀಕೆ ಇವತ್ತಿಗೂ ಹರಿತವಾಗಿದೆ. ಆದರೂ ಬಸವಣ್ಣನವರನ್ನು ಪೂಜಿಸುವ ಮನೆಯ ತಾಯಂದಿರೇ ಮುಡಿಪು ಕಟ್ಟುತ್ತಾರೆ, ಬಸವ ಜಯಂತಿಯ ಮೆರವಣಿಗೆಯಲ್ಲೂ ನಡೆಯುತ್ತಾರೆ. ಇದನ್ನು ಗೊಂದಲವೆನ್ನುವುದು ಸುಲಭ. ಕಾಯಿಲೆಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡವರಿಗೆ ತತ್ವದ ಶುದ್ಧಿಗಿಂತ ಮಗುವಿನ ಉಸಿರು ದೊಡ್ಡದು.

ಹರಕೆಗೆ ಜಾತಿ-ಧರ್ಮದ ಗಡಿಯೂ ಇಲ್ಲಿ ಗಟ್ಟಿಯಾಗಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬಳಿ ನಿಂತು ಪೀರಲ ದೇವರಿಗೆ ಸಕ್ಕರೆ ಓದಿಸುವವರಲ್ಲಿ ಲಿಂಗಾಯತ, ಕುರುಬ, ಕಬ್ಬಲಿಗ, ಮಾದಿಗ ಮನೆಯವರೆಲ್ಲ ಇದ್ದಾರೆ. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂರುವುದುಂಟು. ವಾಡಿಗೆ ಹೊಂದಿಕೊಂಡ ಹಲಕಟ್ಟಾ ದರ್ಗಾದ ಉರುಸಿಗೆ ರೈಲ್ವೆಯವರು ಹೈದರಾಬಾದಿನ ಕಡೆಯಿಂದ ವಿಶೇಷ ರೈಲು ಬಿಡುತ್ತಾರೆ. ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾದಲ್ಲಂತೂ ಯಾರು ಯಾರೆಂದು ಕೇಳುವ ಪರಿಪಾಠವೇ ಇಲ್ಲ. ಖಾಜಾ ಅವರ ಬದುಕೂ ಒಂದು ಸಂಕಟದ ಕಥೆ. 1398ರಲ್ಲಿ ತೈಮೂರ ದಿಲ್ಲಿಯನ್ನು ಧೂಳೀಪಟ ಮಾಡಿದಾಗ ಎಪ್ಪತ್ತು ದಾಟಿದ ಆ ವೃದ್ಧರು ಊರು ಬಿಟ್ಟರು. ಗುಜರಾತ್, ದೌಲತಾಬಾದ್ ಹಾದು ಬಹಮನಿಗಳ ಕಲಬುರಗಿಗೆ ಬಂದು ನೆಲೆಸಿದರು. ತೀರಿದ್ದು 1422ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ. ನೆಲೆ ಕಳೆದುಕೊಂಡು ಬಂದವರ ಸಮಾಧಿಯೇ ಆರು ನೂರು ವರ್ಷಗಳಿಂದ ದಿಕ್ಕಿಲ್ಲದವರಿಗೆ ನೆಲೆಯಾಗಿದೆ.

ಸೇಡಂ ತಾಲ್ಲೂಕಿನ ಯಾನಾಗುಂದಿ ಬೆಟ್ಟದ ಮಾತಾ ಮಾಣಿಕೇಶ್ವರಿಯವರನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು. ಕರ್ನಾಟಕ, ತೆಲಂಗಾಣ ಎರಡೂ ಕಡೆಯ ಲಕ್ಷಾಂತರ ಭಕ್ತರು ಶಿವರಾತ್ರಿಗೆ, ಗುರುಪೂರ್ಣಿಮೆಗೆ ಆ ಬೆಟ್ಟದ ಕೆಳಗೆ ಸೇರುತ್ತಿದ್ದರು. ವರ್ಷಕ್ಕೆ ಕೆಲವೇ ಸಲ ಹೊರಗೆ ಬಂದು ದರ್ಶನ ಕೊಡುತ್ತಿದ್ದ ಅವರು ಹೇಳುತ್ತಿದ್ದುದು ಅಹಿಂಸೆಯ ಮಾತು. ಹರಕೆಯ ಹೆಸರಿನಲ್ಲಿ ಕೋಣ, ಕುರಿ ಕಡಿಯುವುದು ರೂಢಿಯಾಗಿದ್ದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಹೊತ್ತ ಹರಕೆಯನ್ನು ರಕ್ತವಿಲ್ಲದೆ ತೀರಿಸಬಹುದೆಂದು ಒಪ್ಪಿದ ಮನೆಗಳು ಬಹಳ.

ಗಾಣಗಾಪುರದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಭೀಮಾ-ಅಮರಜಾ ಸಂಗಮದ ಆ ದತ್ತ ಕ್ಷೇತ್ರದಲ್ಲಿ ಮಧ್ಯಾಹ್ನ ಮಧುಕರಿ ನಡೆಯುತ್ತದೆ. ಮುಂಬೈಯಿಂದ ಕಾರಿನಲ್ಲಿ ಬಂದವರೂ ಜೋಳಿಗೆ ಹಿಡಿದು ಐದು ಮನೆಯಲ್ಲಿ ಭಿಕ್ಷೆ ಬೇಡಿ ಉಣ್ಣಬೇಕು. ಕಷ್ಟ ಹೇಳಿಕೊಳ್ಳಲು ಬಂದ ಶ್ರೀಮಂತನನ್ನು ಆ ದೇವರು ಮೊದಲು ಒಂದು ತುತ್ತಿಗೆ ಕೈಯೊಡ್ಡಲು ಕಲಿಸುತ್ತಾನೆ.

ಹರಕೆ ಹೊತ್ತವರು ಆಸ್ಪತ್ರೆಗೆ ಹೋಗುವುದಿಲ್ಲವೆಂಬ ಅಪವಾದಕ್ಕೂ ಒಂದು ಮಾತು. ಕೆಲವರು ಹೋಗದೆ ಕೆಟ್ಟಿದ್ದಾರೆ, ಹಾವು ಕಚ್ಚಿದವರನ್ನು ಗುಡಿಯ ಮುಂದೆ ಮಲಗಿಸಿ ಕಳೆದುಕೊಂಡವರಿದ್ದಾರೆ. ಅದನ್ನು ಯಾವ ಭಕ್ತಿಯೂ ಸಮರ್ಥಿಸಲಾರದು. ಹೆಚ್ಚಿನವರು ಎರಡನ್ನೂ ಮಾಡುತ್ತಾರೆ. ಕಲಬುರಗಿಯ ಆಸ್ಪತ್ರೆಗಳ ಮುಂದೆ ಕೂತ ನೆಂಟರ ಕೈಚೀಲದಲ್ಲಿ ಎಕ್ಸ್‌ರೇ ಲಕೋಟೆಯ ಜೊತೆಗೇ ಭಂಡಾರದ ಪೊಟ್ಟಣ, ದರ್ಗಾದ ತಾಯಿತ ಇರುತ್ತವೆ. ಎಕ್ಸ್‌ರೇ ಡಾಕ್ಟರಿಗೆ, ಭಂಡಾರ ಕಾಯುವವರಿಗೆ. ವಾರ್ಡಿನ ಹೊರಗೆ ನಿದ್ದೆಯಿಲ್ಲದೆ ಕಾಯುವವರಿಗೂ ಒಂದು ಆಸರೆ ಬೇಕೆಂಬುದನ್ನು ವೈದ್ಯರೂ ಈಗ ಅಲ್ಲಗಳೆಯುವುದಿಲ್ಲ.

ಮನೆಯಿಂದ ಮಠಕ್ಕೆ, ಮೂರನೆಯ ಸಂಗತಿಗೆ ಬಂದಾಯಿತು. ದೇವರು ಸಹಾಯ ಮಾಡಿದ ಎಂದು ಜನ ಹೇಳಿದಾಗ, ಆ ಸಹಾಯ ಯಾವ ಬಾಗಿಲಿಂದ ಬಂತು?

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಟ್ಟೆಪಾಡಿಗೆ ಒಕ್ಕಲುತನ ಮಾಡಿದವರು. ಹೊಲಕ್ಕೆ ತೆನೆ ತಿನ್ನಲು ಬಂದ ಹಕ್ಕಿಗಳನ್ನು ಕವಣೆಯಿಂದ ಓಡಿಸದೆ ಕುಡಿಯಲು ನೀರಿಡುತ್ತಿದ್ದರೆಂದೂ, ಆದರೂ ಅವರ ರಾಶಿ ಕಡಿಮೆಯಾಗಲಿಲ್ಲವೆಂದೂ ಜನ ಹೇಳುತ್ತಾರೆ. ಹಕ್ಕಿಯ ಕಥೆಯನ್ನು ಪವಾಡವೆಂದು ಕೇಳುವವರು ಕೇಳಲಿ. ಚರಿತ್ರೆಗೆ ಬೇಕಾದದ್ದು ಮುಂದಿನ ಭಾಗ: ಬರಗಾಲದಲ್ಲಿ ಅವರು ನಡೆಸಿದ ದಾಸೋಹ, ಕಲಬುರಗಿಗೆ ಬಂದು ನೆಲೆಸಿದ ಮೇಲೆ ಊರೂರಿನ ಭಕ್ತರು ಅದಕ್ಕಾಗಿ ತಂದು ಸುರಿದ ಧಾನ್ಯ. 1822ರಲ್ಲಿ ಅವರು ಲಿಂಗೈಕ್ಯರಾದರು. ದಾಸೋಹದ ಒಲೆ ಆರಲಿಲ್ಲ. 1934ರಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದರು. ನಿಜಾಮರ ಆಡಳಿತದಲ್ಲಿ ಕನ್ನಡ ಕಲಿಯುವುದೇ ಕಷ್ಟವಾಗಿದ್ದ ದಿನಗಳವು. ಅನ್ನದ ದಾಸೋಹದ ಪಕ್ಕದಲ್ಲಿ ಅಕ್ಷರದ ದಾಸೋಹ ಶುರುವಾಯಿತು.

ಸೇಡಂನಲ್ಲೂ ಅದೇ ದಾರಿ. ಕೊತ್ತಲ ಬಸವೇಶ್ವರನ ಹೆಸರಿನ ಶಿಕ್ಷಣ ಸಮಿತಿ 2025ರ ಆರಂಭದಲ್ಲಿ ತನ್ನ ಐವತ್ತರ ಸಂಭ್ರಮವನ್ನು ಆಚರಿಸಿತು. ದೇವರ ಹೆಸರಿನಲ್ಲಿ ಶಾಲೆ ನಡೆಸುವುದು ಹೊಸದೆಂದು ಹೆಮ್ಮೆಪಡುವವರು ನಾಗಾವಿಗೆ ಒಮ್ಮೆ ಹೋಗಿ ಬರಬೇಕು. ಚಿತ್ತಾಪುರದ ಮಗ್ಗುಲಿಗೇ ಇರುವ ಆ ಪಾಳು ಗುಡಿಗಳಲ್ಲಿ 1058ರ ಶಾಸನವಿದೆ. ದೇವಾಲಯಕ್ಕೆ ಕೊಟ್ಟ ದತ್ತಿಯಿಂದ ನಡೆದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಓದುವ 200 ವಿದ್ಯಾರ್ಥಿಗಳಿದ್ದರು, ಗ್ರಂಥಭಂಡಾರ ನೋಡಿಕೊಳ್ಳಲು 6 ಜನರಿದ್ದರು ಎಂದು ಅದು ಲೆಕ್ಕ ಕೊಡುತ್ತದೆ. ಇವತ್ತಿನ ಎಷ್ಟು ಕಾಲೇಜುಗಳಲ್ಲಿ ಆರು ಜನ ಗ್ರಂಥಪಾಲಕರಿದ್ದಾರೆ ಎಂದು ಕೇಳಿದರೆ ಪ್ರಾಚಾರ್ಯರು ಬೇಸರ ಮಾಡಿಕೊಳ್ಳಬಾರದು.

ದೇವರ ಮನೆ ಕೊಡುತ್ತದೆ, ಆದರೆ ದೇವರ ಮನೆಗೂ ಆಪತ್ತು ತಪ್ಪಿದ್ದಲ್ಲ. ಮಳಖೇಡದಲ್ಲಿ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ವೃಂದಾವನವಿರುವ ಉತ್ತರಾದಿ ಮಠ ಕಾಗಿಣಾ ದಂಡೆಯಲ್ಲೇ ಇದೆ. ನದಿ ಉಕ್ಕಿದ ವರ್ಷ ಮಠದೊಳಗೂ ನೀರು. ದಂಡೋತಿ ಸೇತುವೆಯ ಮೇಲೂ ನೀರು ಹರಿದು ಚಿತ್ತಾಪುರದ ದಾರಿ ಕಡಿಯುತ್ತದೆ. ನೀರಿಳಿದ ಮರುದಿನ ಅಲ್ಲಿಯವರು ಮೊದಲು ಮಾಡುವ ಕೆಲಸ ಕೆಸರು ಬಳಿಯುವುದು. ಪೂಜೆ ಆಮೇಲೆ.

ಮಠ, ಗುಡಿ, ದರ್ಗಾಗಳಿಂದ ಸರ್ಕಾರದ ಕಡೆಗೆ ಹೊರಳುವ ಮುನ್ನ ಸನ್ನತಿಯ ಒಂದು ಪ್ರಸಂಗ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಪ್ರಜೆಗಳೆಲ್ಲ ತನ್ನ ಮಕ್ಕಳೆಂದೂ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಟ್ಟು ಪೀಡಿಸಬಾರದೆಂದೂ, ಜನರ ಕಷ್ಟ ನೋಡುವಾಗ ಅಧಿಕಾರಿಗಳು ಸೋಮಾರಿತನ, ಸಿಟ್ಟು, ಆತುರ ಬಿಡಬೇಕೆಂದೂ ರಾಜ ತನ್ನ ಅಧಿಕಾರಿಗಳಿಗೆ ಕೊಟ್ಟ ತಾಕೀತು ಆ ಶಾಸನಗಳಲ್ಲಿದೆ. ತಲೆತಲಾಂತರದಿಂದ ಜನ ಕಷ್ಟ ಹೇಳಿಕೊಂಡು ಅತ್ತದ್ದು ದೇವಿಯ ಮುಂದೆ. ಆ ಕಷ್ಟ ಕೇಳಬೇಕಾದ ಆಡಳಿತದ ಹೊಣೆ ದೇವಿಯ ಪಾದದ ಕೆಳಗೇ ಕಲ್ಲಾಗಿ ಮಲಗಿತ್ತು. ಕಥೆಗಾರರು ಕಟ್ಟಿದ್ದರೆ ಅತಿಯಾಯಿತು ಎನ್ನಿಸುತ್ತಿತ್ತು.

ಈಗ ಕೊನೆಯ ಭಾಗ, 2020 ಮತ್ತು 2021ರ ಎರಡು ಸಂಕಟಗಳು.

2020ರ ಮಾರ್ಚ್ 7ರಂದು ಮಾತಾ ಮಾಣಿಕೇಶ್ವರಿಯವರು ಯಾನಾಗುಂದಿಯಲ್ಲಿ ತೀರಿಕೊಂಡರು. ಅಂತಿಮ ದರ್ಶನಕ್ಕೆ ಜನಸಾಗರವೇ ಹರಿದು ಬಂತು. ಅದಾದ ಮೂರನೆಯ ದಿನ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ಕೊರೊನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಎಂದು ಮಾರ್ಚ್ 12ರಂದು ಖಚಿತವಾಯಿತು. ಇಡೀ ದೇಶ ಕಲಬುರಗಿಯ ಹೆಸರನ್ನು ಭಯದಿಂದ ಉಚ್ಚರಿಸಿದ ದಿನಗಳವು. ಮಾರ್ಚ್ 25ರ ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು. ಗುಡಿ, ಮಠ, ಮಸೀದಿ, ದರ್ಗಾ, ಚರ್ಚು ಎಲ್ಲದರ ಬಾಗಿಲು ಮುಚ್ಚಿತು. ಏಪ್ರಿಲ್‌ನಲ್ಲಿ ವಾಡಿಯಲ್ಲೂ ಸೋಂಕು ಕಾಣಿಸಿಕೊಂಡಿತು.

ವಾಡಿಯ ಮಗ್ಗುಲಲ್ಲೇ ರಾವೂರ. ಏಪ್ರಿಲ್ 16ರ ಗುರುವಾರ ಸಿದ್ಧಲಿಂಗೇಶ್ವರರ ತೇರು. ನಿಷೇಧವಿದ್ದರೂ ತೇರು ಎಳೆದರು, ಜನ ಸೇರಿದರು. ವಿಡಿಯೊ ರಾಜ್ಯವೆಲ್ಲ ಸುತ್ತಿತು, ದಿಲ್ಲಿಯ ವಾಹಿನಿಗಳಲ್ಲೂ ಬಂತು. ಪೊಲೀಸರು ಪ್ರಕರಣ ದಾಖಲಿಸಿದರು, ಕರ್ತವ್ಯಲೋಪದ ಹೆಸರಿನಲ್ಲಿ ಸಬ್‌ ಇನ್ಸ್‌ಪೆಕ್ಟರ್ ಒಬ್ಬರು ಅಮಾನತಾದರು.

ತೇರನ್ನು ಎಳೆದವರನ್ನು ಮೂಢರೆಂದು ಬೈದು ಮುಂದೆ ಹೋಗುವುದು ಆಗ ಎಲ್ಲರಿಗೂ ಸುಲಭವಾಗಿತ್ತು. ಅವರ ಮನಸ್ಸನ್ನು ಈ ಸೀಮೆಯವರಾದರೂ ಅರಿಯಬೇಕು. ತೇರು ನಿಂತರೆ ಊರಿಗೆ ಕೇಡು ಎಂಬುದು ಹಳೆಯ ನಂಬಿಕೆ. ಹೊರಡಿಸಿದ ತೇರಿನ ಗಾಲಿ ನಡುವೆ ಸಿಕ್ಕಿಕೊಂಡರೂ ಹಿರಿಯರು ಕಾಯಿ ಒಡೆದು, ತಪ್ಪಾಯಿತೆಂದು ಬೇಡಿಕೊಂಡು ಮತ್ತೆ ಹಗ್ಗ ಹಿಡಿಯುತ್ತಾರೆ. ಹೆಸರು ಕೇಳಿದರೇ ನಡುಕ ಹುಟ್ಟಿಸುವ ರೋಗ ಪಕ್ಕದ ಊರಿಗೆ ಬಂದಿರುವಾಗ, ಇದೊಂದು ವರ್ಷ ತೇರನ್ನು ನಿಲ್ಲಿಸುವುದೇ ಹೆಚ್ಚು ಅಪಾಯವೆಂದು ಭಕ್ತನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಮನುಷ್ಯರಿಂದ ಆಗದೆಂದು ಗೊತ್ತಾದಾಗಲೇ ಅಲ್ಲವೇ ದೇವರನ್ನು ಕರೆಯುವುದು?

ಇಷ್ಟೆಲ್ಲ ಹೇಳಿದ ಮೇಲೂ ಅವತ್ತಿನ ತೇರು ತಪ್ಪೇ. ತಪ್ಪಾದದ್ದು ಕಾನೂನು ಮುರಿದದ್ದರಿಂದಷ್ಟೇ ಅಲ್ಲ. ಗುರ್ಜಿಯಲ್ಲಿ, ದಾಸೋಹದಲ್ಲಿ, ಮಧುಕರಿಯಲ್ಲಿ ಕಂಡ ಒಂದು ಕಟ್ಟು ಇಲ್ಲಿ ಸಡಿಲವಾಗಿತ್ತು. ಅಲ್ಲಿ ದೇವರ ಹೆಸರಿನಲ್ಲಿ ಕೂಡಿದ ಜನ ಊರಿನ ದುರ್ಬಲರ ಹೊಟ್ಟೆ ನೋಡುತ್ತಿದ್ದರು. ಅವತ್ತು ತೇರಿನ ಸುತ್ತ ಕೂಡಿದವರಿಂದ ಅಪಾಯ ಬರುತ್ತಿದ್ದುದು ಮನೆಯಲ್ಲೇ ಕೂತಿದ್ದ ಮುದುಕರಿಗೆ, ರೋಗಿಗಳಿಗೆ. ಹಗ್ಗ ಹಿಡಿದ ತರುಣರಿಗಲ್ಲ.

ಬೇರೆ ದಾರಿಯೂ ಅದೇ ದಿನಗಳಲ್ಲಿ ಇತ್ತು. ಜೂನ್ 8ರಂದು ಗುಡಿಗಳು ಮತ್ತೆ ತೆರೆಯುವವರೆಗೆ ಜನ ಮನೆಯ ಜಗಲಿಯ ಮೇಲೇ ಪೂಜೆ ಮಾಡಿದರು. ಆ ವರ್ಷದ ರಂಜಾನಿನ ನಮಾಜು ಮನೆಗಳಲ್ಲೇ ಆಯಿತು. ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಸಾವಿರಾರು ವಲಸೆ ಕಾರ್ಮಿಕರು ಜಿಲ್ಲೆಗೆ ಮರಳಿದರು, ಚಿತ್ತಾಪುರ, ಚಿಂಚೋಳಿಯ ತಾಂಡಾಗಳವರೇ ಅವರಲ್ಲಿ ಬಹಳ. ಶಾಲೆ, ಹಾಸ್ಟೆಲ್‌ಗಳಲ್ಲಿ ಅವರ ಕ್ವಾರಂಟೈನ್. ಸರ್ಕಾರದ ಊಟ ತಡವಾದಲ್ಲಿ ಊರವರು ರೊಟ್ಟಿ ಕಟ್ಟಿಕೊಂಡು ಬಂದು ಗೇಟಿನ ಹೊರಗಿಟ್ಟು ಹೋದರು. ಭಯವೂ ಇತ್ತು, ರೊಟ್ಟಿಯೂ ಇತ್ತು. ಮರುವರ್ಷ ದಕ್ಷಿಣದಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನನ್ನೇ ಪ್ರತಿಷ್ಠಾಪಿಸಿದರು. ನೂರು ಚಿಲ್ಲರೆ ವರ್ಷಗಳ ಹಿಂದೆ ಪ್ಲೇಗು ಬಂದಾಗ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿ ಕಟ್ಟಿದ್ದರ ಮುಂದುವರಿಕೆ ಅದು.

ಎರಡನೆಯ ಸಂಕಟ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ್ದು. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ನೆಲ ಮೇಲಿಂದ ಮೇಲೆ ನಡುಗಿತು. ಒಂದು ರಾತ್ರಿಯ ಕಂಪನ ರಿಕ್ಟರ್ ಮಾಪನದಲ್ಲಿ 4ನ್ನು ಮುಟ್ಟಿತು. ನೆಲದೊಳಗಿನಿಂದ ಸಿಡಿಮದ್ದು ಹಾರಿಸಿದಂಥ ಸದ್ದು. ಈ ಸೀಮೆಯ ಹಳೆಯ ಮನೆಗಳೆಂದರೆ ದಪ್ಪ ಕಲ್ಲಿನ ಗೋಡೆ, ಮೇಲೆ ಪರಸಿ, ಅದರ ಮೇಲೆ ಮಣ್ಣು. ಬೇಸಿಗೆಗೆ ತಂಪು, ಭೂಕಂಪಕ್ಕೆ ಗೋರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಸುಮಾರು 10 ಸಾವಿರ ಜನ ಸತ್ತದ್ದು ಇಂಥ ಮನೆಗಳೊಳಗೇ. ಗಡಿಕೇಶ್ವಾರದ ಹಿರಿಯರಿಗೆ ಅದರ ನೆನಪಿತ್ತು. ಎಷ್ಟೋ ಕುಟುಂಬಗಳು ಊರು ಬಿಟ್ಟು ನೆಂಟರ ಮನೆಗೆ ಹೋದವು, ಉಳಿದವರು ಬಯಲಲ್ಲಿ ಮಲಗಿದರು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದರು, ಮಾಪಕ ಇಟ್ಟರು. ಮಳೆನೀರು ಸುಣ್ಣದ ಕಲ್ಲಿನ ಬಿರುಕುಗಳೊಳಗೆ ಇಳಿದು ಒತ್ತಡ ಬದಲಾಗುವುದರಿಂದ ಇಂಥ ಸಣ್ಣ ಕಂಪನಗಳು ಆಗುತ್ತವೆಂಬ ವಿವರಣೆ ಬಂತು. ಅದೇ ಮಳೆ! ಗುರ್ಜಿ ಹೊತ್ತು ಬೇಡಿದ ಮಳೆ ಹೆಚ್ಚಾದರೆ ಕೆಳಗಿನ ಕಲ್ಲು ಮಿಸುಕುತ್ತದೆ. ಗಡಿಕೇಶ್ವಾರದವರು ಇದನ್ನು ಕೇಳಿ ದೇವರನ್ನೂ ಬಿಡಲಿಲ್ಲ, ವಿಜ್ಞಾನಿಯನ್ನೂ ಬೈಯಲಿಲ್ಲ. ಬಂದ ಮಂತ್ರಿ-ಅಧಿಕಾರಿಗಳ ಮುಂದೆ ಅವರಿಟ್ಟ ಬೇಡಿಕೆ ಬಹಳ ಸ್ಪಷ್ಟವಾಗಿತ್ತು: ಮನೆ ಮುಂದೆ ತಗಡಿನ ಶೆಡ್ ಹಾಕಿಸಿಕೊಡಿ, ರಾತ್ರಿ ಮಕ್ಕಳನ್ನು ಮಲಗಿಸಬೇಕು. ತಗಡು ಮೈಮೇಲೆ ಬಿದ್ದರೂ ಜೀವ ಉಳಿಯುತ್ತದೆ. ದೇವರ ಮೇಲೆ ಭಾರ ಹಾಕಿದವರು ಪರಸಿಯ ಭಾರವನ್ನೂ ಲೆಕ್ಕ ಹಾಕಿದ್ದರು.

ಕೊನೆಯದಾಗಿ, ಈ ಸಂಸ್ಥೆಯ ಇತಿಹಾಸ ಮತ್ತು ಕನ್ನಡ ವಿಭಾಗಗಳ ಮುಂದೆ ಒಂದು ಕೋರಿಕೆ. ಬರ, ಪ್ರವಾಹ, ರೋಗಗಳ ಸರ್ಕಾರಿ ಅಂಕಿಅಂಶ ಗ್ಯಾಸೆಟಿಯರ್‌ಗಳಲ್ಲಿ, ಕಂದಾಯ ದಫ್ತರಗಳಲ್ಲಿ ಸಿಗುತ್ತದೆ. ಮಠ, ಗುಡಿ, ದರ್ಗಾ, ಭಜನಾ ಮಂಡಳಿಗಳ ಲೆಕ್ಕ ಸಿಗುವುದಿಲ್ಲ. ಜಾತ್ರೆಯ ದಾಸೋಹಕ್ಕೆ ಯಾವ ಊರಿನಿಂದ ಎಷ್ಟು ಚೀಲ ಜೋಳ, ಎಷ್ಟು ಬಂಡಿ ಕಟ್ಟಿಗೆ ಬಂತೆಂದು ಬರೆದಿಟ್ಟ ವಹಿಗಳು ಇನ್ನೂ ಕೆಲವು ಮನೆಗಳ ಗಿಲಾವು ಉದುರಿದ ಗೂಡುಗಳಲ್ಲಿವೆ, ಗೆದ್ದಲು ಹಿಡಿಯುತ್ತಿವೆ. 1972ರ ಬರದಲ್ಲಿ ಕಾಮಗಾರಿಗೆ ಕಲ್ಲು ಒಡೆಯಲು ಹೋಗಿ ಸಂಜೆ ಮಠದಲ್ಲಿ ಉಂಡವರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿದ್ದಾರೆ. ಮೊಬೈಲಿನಲ್ಲಿ ಆ ವಹಿಗಳ ಫೋಟೊ ತೆಗೆಯುವುದಕ್ಕೆ, ಆ ಹಿರಿಯರ ಮಾತನ್ನು ಧ್ವನಿಮುದ್ರಿಸುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದೊಂದು ಊರಿಗೆ ಇಬ್ಬರು ವಿದ್ಯಾರ್ಥಿಗಳು ಸಾಕು. ರಾವೂರಿನಿಂದಲೇ ಶುರುವಾದರೆ ಒಳ್ಳೆಯದು, 2020ರ ತೇರಿನ ದಿನದ ಬಗ್ಗೆಯೂ ಊರವರ ಬಾಯಿಂದಲೇ ಕೇಳಿ ಬರೆದಿಡಬಹುದು. ಈ ಮಳೆಗಾಲ ಮುಗಿಯುವುದರೊಳಗೆ ಕೆಲಸ ಹಿಡಿದರೆ ಗೆದ್ದಲಿಗಿಂತ ಮೊದಲು ಮುಟ್ಟಬಹುದು.